ಗ್ರೇಟ್ ಬ್ಯಾರಿಯರ್ ರೀಫ್ ಸಂರಕ್ಷಣೆಯಲ್ಲಿ ದೂರದವರ ಪಾಲು

ಆಸ್ಟ್ರೇಲಿಯದ ಈಶಾನ್ಯಕ್ಕೆ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕರಾವಳಿಯುದ್ದಕ್ಕೂ ಹಬ್ಬಿರುವ ಗ್ರೇಟ್ ಬ್ಯಾರಿಯರ್ ರೀಫ್ ಜಗತ್ತಿನ ಅತಿ ದೊಡ್ಡ ಹವಳದ ದಿಬ್ಬಸಾಲು. ಇದರ ಉದ್ದ ಸುಮಾರು 2,300 ಕಿಲೋಮೀಟರ್. ಇದನ್ನು ಕಾಯಲು ರಚಿಸಿರುವ ಸಾಗರ ಉದ್ಯಾನದ ವಿಸ್ತೀರ್ಣ 3,44,400 ಚದರ ಕಿಲೋಮೀಟರ್. ಕರ್ನಾಟಕದ ಸುಮಾರು ಒಂದೂಮುಕ್ಕಾಲು ಪಟ್ಟು. ಹೆಸರು ಕೇಳಿದರೆ ನೀರಿನಡಿ ಒಂದೇ ಉದ್ದನೆಯ ಗೋಡೆ ಇರಬೇಕು ಅನ್ನಿಸುತ್ತದೆ, ಆದರೆ ಇರುವುದು ಬಿಡಿಬಿಡಿಯಾದ ಸುಮಾರು 3,000 ದಿಬ್ಬಗಳು, ನಡುನಡುವೆ ನೂರಾರು ದ್ವೀಪಗಳು. ಸುಮಾರು 400 ಬಗೆಯ ಗಟ್ಟಿ ಹವಳ, 1,500ಕ್ಕೂ ಹೆಚ್ಚು ಜಾತಿಯ ಮೀನು, ಜಗತ್ತಿನ ಏಳು ಜಾತಿಯ ಕಡಲಾಮೆಗಳಲ್ಲಿ ಆರು ಇಲ್ಲಿ ನೆಲೆಸಿವೆ. 1981ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ದಿಬ್ಬವನ್ನು ಇಲ್ಲಿಯವರೆಗೆ ಉಳಿಸಿದವರಲ್ಲಿ ವಿಜ್ಞಾನಿಗಳ ಜೊತೆಗೆ ಕವಿ, ಚಿತ್ರಕಾರ, ವಿದ್ಯಾರ್ಥಿಗಳು, ಕಾರ್ಮಿಕ ಸಂಘಗಳವರು ಇದ್ದಾರೆ. ಒಮ್ಮೆಯೂ ಅದರ ನೀರಿಗೆ ಇಳಿಯದ ಸಾವಿರಾರು ಜನರೂ ಇದ್ದಾರೆ. ಇಂದು ಅದಕ್ಕಿರುವ ಅತಿ ದೊಡ್ಡ ಅಪಾಯ ಹುಟ್ಟುತ್ತಿರುವುದೂ ದೂರದಲ್ಲೇ, ಜಗತ್ತಿನ ವಿದ್ಯುತ್ ಸ್ಥಾವರಗಳಲ್ಲಿ, ಕಾರ್ಖಾನೆಗಳಲ್ಲಿ, ವಾಹನಗಳಲ್ಲಿ. ಹಾಗಾಗಿ ದೂರದವರು ಏನು ಮಾಡಬಲ್ಲರು ಎಂಬ ಪ್ರಶ್ನೆಯನ್ನು ಬಿಟ್ಟು ಈ ದಿಬ್ಬದ ರಕ್ಷಣೆಯ ಮಾತು ಆಡುವಂತಿಲ್ಲ. ಆದರೆ ಎಲ್ಲ ಉಪಾಯಗಳ ತೂಕ ಒಂದೇ ಅಲ್ಲ. ಬಹಳ ಪ್ರಚಾರ ಪಡೆದ ಕೆಲವು ಉಪಾಯಗಳ ಫಲ ಅತ್ಯಲ್ಪ. ಹೆಚ್ಚು ಫಲ ಕೊಡುವ ಕೆಲವನ್ನು ಜನ ದಿಬ್ಬದ ಕೆಲಸವೆಂದೇ ಎಣಿಸುವುದಿಲ್ಲ.

ಹವಳ ಬದುಕುವ ಬಗೆ

ಹವಳ ಒಂದು ಪ್ರಾಣಿ. ಪಾಲಿಪ್ ಎನ್ನುವ ಮೆತ್ತನೆಯ ಪುಟ್ಟ ಜೀವಿ ಕಡಲನೀರಿನಲ್ಲಿ ಕರಗಿರುವ ಸುಣ್ಣದಂಶವನ್ನು ಹೀರಿ ತನ್ನ ಬುಡಕ್ಕೆ ಗಟ್ಟಿಯಾದ ಬಟ್ಟಲೊಂದನ್ನು ಕಟ್ಟಿಕೊಳ್ಳುತ್ತದೆ. ಇಂಥ ಲಕ್ಷಾಂತರ ಬಟ್ಟಲುಗಳು ತಲೆಮಾರಿನ ಮೇಲೆ ತಲೆಮಾರು ಕೂಡಿಬಂದು ದಿಬ್ಬವಾಗುತ್ತವೆ. ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆ ಮಾಡಿರುತ್ತದೆ. ಅದು ಬಿಸಿಲಿನಿಂದ ಆಹಾರ ತಯಾರಿಸಿ, ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೂ ಒದಗಿಸುತ್ತದೆ. ಹವಳದ ಬಣ್ಣದ ಬಹುಪಾಲು ಈ ಪಾಚಿಯದೇ.

ನೀರು ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ, ಆ ಕಾವು ಕೆಲವು ವಾರ ಇಳಿಯದೆ ನಿಂತರೆ ಈ ಕೂಡುಬಾಳು ಮುರಿದುಬೀಳುತ್ತದೆ. ಪಾಲಿಪ್ ಪಾಚಿಯನ್ನು ಹೊರಹಾಕುತ್ತದೆ, ಪಾರದರ್ಶಕವಾದ ಮೈಯ ಕೆಳಗಿನ ಬಿಳಿ ಸುಣ್ಣ ಎದ್ದು ಕಾಣುತ್ತದೆ. ಹವಳ ಬಿಳಿಚಿಕೊಂಡಿತು ಎನ್ನುವುದು ಇದಕ್ಕೇ. ಬಿಳಿಚಿದ ಹವಳ ಸತ್ತಿರುವುದಿಲ್ಲ, ಹಸಿದಿರುತ್ತದೆ. ಕಾವು ಬೇಗ ಇಳಿದರೆ ಪಾಚಿ ಮರಳಿ ಬಂದು ಅದು ಚೇತರಿಸಿಕೊಳ್ಳಬಹುದು. ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ.

ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹವಳ ಸಾಮೂಹಿಕವಾಗಿ ಬಿಳಿಚಿಕೊಂಡದ್ದು 1998, 2002, 2016, 2017, 2020, 2022, 2024 ಮತ್ತು 2025ರಲ್ಲಿ. ಎರಡು ಪೆಟ್ಟುಗಳ ನಡುವಿನ ಅಂತರ ಹೇಗೆ ಕುಗ್ಗಿದೆ ಎಂಬುದನ್ನು ಈ ಇಸವಿಗಳೇ ಹೇಳುತ್ತವೆ. 2016ರ ಮಾರ್ಚ್‌ನಿಂದ ನವೆಂಬರ್‌ವರೆಗಿನ ಒಂಬತ್ತು ತಿಂಗಳಲ್ಲಿ ಇಡೀ ದಿಬ್ಬಸಾಲಿನ ಆಳವಿಲ್ಲದ ನೀರಿನ ಹವಳದಲ್ಲಿ ಸುಮಾರು ಶೇ. 30ರಷ್ಟು ಸತ್ತಿತು.

ಕಾವೊಂದೇ ಶತ್ರುವಲ್ಲ. 1985ರಿಂದ 2012ರವರೆಗಿನ ಸಮೀಕ್ಷೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು ಜೀವಂತ ಹವಳದ ಹೊದಿಕೆ ಶೇ. 28ರಿಂದ 13.8ಕ್ಕೆ ಇಳಿದದ್ದನ್ನು ಗುರುತಿಸಿದರು. ಆ ನಷ್ಟದಲ್ಲಿ ಶೇ. 48 ಚಂಡಮಾರುತಗಳಿಂದ, ಶೇ. 42 ಹವಳ ತಿನ್ನುವ ಮುಳ್ಳುಕಿರೀಟದ ನಕ್ಷತ್ರಮೀನಿನಿಂದ, ಶೇ. 10 ಬಿಳಿಚುವಿಕೆಯಿಂದ ಆದದ್ದು. ಆಮೇಲಿನ ದಶಕದಲ್ಲಿ ಬಿಳಿಚುವಿಕೆ ಮುಂದಕ್ಕೆ ಬಂತು. ಹಾಗಿದ್ದೂ ದಿಬ್ಬಕ್ಕೆ ಚೇತರಿಸಿಕೊಳ್ಳುವ ಶಕ್ತಿ ಇದೆ: 2022ರಲ್ಲಿ ಉತ್ತರ ಮತ್ತು ಮಧ್ಯ ಭಾಗಗಳ ಹೊದಿಕೆ 36 ವರ್ಷಗಳ ದಾಖಲೆಯಲ್ಲೇ ಅತಿ ಹೆಚ್ಚಿತ್ತು. ಆ ಬೆಳವಣಿಗೆಯ ಬಹುಪಾಲು ಬೇಗ ಬೆಳೆದು ಬೇಗ ಸಾಯುವ ಅಕ್ರೊಪೊರ ಕುಲದ ಹವಳಗಳದು. 2025ರ ಸಮೀಕ್ಷೆಯ ಹೊತ್ತಿಗೆ ಉತ್ತರದಲ್ಲೂ ದಕ್ಷಿಣದಲ್ಲೂ ದಾಖಲೆ ಶುರುವಾದಂದಿನಿಂದ ಕಾಣದಷ್ಟು ದೊಡ್ಡ ಕುಸಿತ ಒಂದೇ ವರ್ಷದಲ್ಲಿ ಆಗಿತ್ತು. ದಿಬ್ಬ ಸತ್ತೇಹೋಯಿತು ಎಂದು ಬರೆಯುವವರೂ ಅದಕ್ಕೇನೂ ಆಗಿಲ್ಲ ಎನ್ನುವವರೂ ಈ ಎರಡು ವರದಿಗಳಲ್ಲಿ ಒಂದನ್ನಷ್ಟೇ ಓದಿರುತ್ತಾರೆ. ಬಿಡುವು ಸಿಕ್ಕರೆ ದಿಬ್ಬ ಏಳುತ್ತದೆ, ಮತ್ತು ಆ ಬಿಡುವು ಕಡಿಮೆಯಾಗುತ್ತಿದೆ. ಮುಂದೆ ಹೇಳುವ ಕೆಲಸಗಳೆಲ್ಲ ಆ ಬಿಡುವನ್ನು ಹೆಚ್ಚಿಸುವ ದಾರಿಗಳು.

ಎಲ್ಲಿಸನ್ ದಿಬ್ಬದ ಮೊಕದ್ದಮೆ

ಜನರು ಈ ದಿಬ್ಬವನ್ನು ಕಾಪಾಡಿದ ಕಥೆ 1967ರಲ್ಲಿ, ಇನಿಸ್‌ಫೇಲ್ ಪಟ್ಟಣದ ಆಚೆಯ ಎಲ್ಲಿಸನ್ ಎಂಬ ದಿಬ್ಬದಿಂದ ಮೊದಲಾಗುತ್ತದೆ. ಆ ದಿಬ್ಬವನ್ನು ಅಗೆದು ಕಬ್ಬಿನ ಗದ್ದೆಗಳಿಗೆ ಸುಣ್ಣ ತೆಗೆಯಲು ಅನುಮತಿ ಬೇಕೆಂದು ಕಬ್ಬು ಬೆಳೆಗಾರನೊಬ್ಬ ಅರ್ಜಿ ಹಾಕಿದ್ದ. ದಿಬ್ಬ ಹೇಗೂ ಸತ್ತಿದೆ, ಅಗೆದರೆ ನಷ್ಟವೇನು ಎಂಬುದು ಅವನ ವಾದ. ಸಮೀಪದ ಬಿಂಗಿಲ್ ಕೊಲ್ಲಿಯಲ್ಲಿ ವಾಸವಿದ್ದ ಚಿತ್ರಕಾರ ಜಾನ್ ಬ್ಯೂಸ್ಟ್ ಇದಕ್ಕೆ ಆಕ್ಷೇಪಣೆ ಸಲ್ಲಿಸಿದರು. ಕ್ವೀನ್ಸ್‌ಲ್ಯಾಂಡ್ ವನ್ಯಜೀವಿ ಸಂರಕ್ಷಣಾ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾದ ಕವಿ ಜುಡಿತ್ ರೈಟ್ ಮತ್ತು ಅರಣ್ಯ ವಿಜ್ಞಾನಿ ಲೆನ್ ವೆಬ್ ಇಬ್ಬರೂ ಬ್ಯೂಸ್ಟ್ ಅವರ ಜೊತೆ ನಿಂತರು.

ಕಡಲಜೀವಿಗಳ ಅಭ್ಯಾಸದಲ್ಲಿ ತೊಡಗಿದ್ದ ತರುಣರ ಒಂದು ತಂಡ ಎಲ್ಲಿಸನ್‌ಗೆ ಹೋಗಿ ನೀರಿಗಿಳಿಯಿತು. ಸತ್ತಿದೆ ಎಂದಿದ್ದ ದಿಬ್ಬದಲ್ಲಿ ಹತ್ತಾರು ಜಾತಿಯ ಜೀವಂತ ಹವಳ, ನೂರಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ಪಟ್ಟಿ ಮಾಡಿ ಆ ಪಟ್ಟಿಯನ್ನು ವಿಚಾರಣೆಯ ಮುಂದಿಟ್ಟಿತು. ದಿಬ್ಬದ ಮೇಲ್ಭಾಗದಲ್ಲಿ ಹವಳ ಸತ್ತು ಕಲ್ಲಾಗಿದ್ದರೂ ಅದರ ಸಂದುಗೊಂದುಗಳಲ್ಲಿ, ಬದಿಗಳಲ್ಲಿ ಜೀವ ತುಂಬಿರುತ್ತದೆ. ಒಂದು ಕಡೆ ಅಗೆದರೆ ಏಳುವ ಹೂಳು ಸುತ್ತಲಿನದನ್ನೆಲ್ಲ ಮುಚ್ಚುತ್ತದೆ. ಇದನ್ನು ಗಣಿ ಅಧಿಕಾರಿ ಒಪ್ಪಿಕೊಂಡರು, ಅರ್ಜಿ ತಿರಸ್ಕೃತವಾಯಿತು. ಕಣ್ಣಾರೆ ನೋಡಿ ಎಣಿಸಿ ಬರೆದ ಒಂದು ಪಟ್ಟಿಗೆ ಎಷ್ಟು ಬಲವಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆದರೆ ಅದರ ಬೆನ್ನಿಗೇ ದೊಡ್ಡ ಅಪಾಯ ಕಾದಿತ್ತು. ಕ್ವೀನ್ಸ್‌ಲ್ಯಾಂಡ್ ಸರ್ಕಾರ ದಿಬ್ಬದ ವಿಶಾಲ ಭಾಗವನ್ನು ತೈಲ ಹುಡುಕುವ ಕಂಪನಿಗಳಿಗೆ ಗುತ್ತಿಗೆ ಕೊಟ್ಟಾಗಿತ್ತು. 1969ರಲ್ಲಿ ಅಮೆರಿಕದ ಸಾಂತಾ ಬಾರ್ಬರಾ ಕಡಲಿನಲ್ಲಿ ತೈಲಬಾವಿ ಸಿಡಿದು ಕರಾವಳಿ ಕಪ್ಪಾದ ಚಿತ್ರಗಳು ಆಸ್ಟ್ರೇಲಿಯದ ಮನೆಮನೆ ತಲುಪಿದವು. 1970ರ ಮಾರ್ಚ್‌ನಲ್ಲಿ ಓಷಿಯಾನಿಕ್ ಗ್ರಾಂಜರ್ ಎಂಬ ಟ್ಯಾಂಕರ್ ಹಡಗು ಟಾರಸ್ ಜಲಸಂಧಿಯಲ್ಲಿ ಬಂಡೆಗೆ ತಗುಲಿ ತೈಲ ಸೋರಿತು. ದಿಬ್ಬದಲ್ಲಿ ಬಾವಿ ಕೊರೆಯುವ ಯಾವ ಕೆಲಸಕ್ಕೂ ಕೈಹಾಕುವುದಿಲ್ಲ ಎಂದು ಕಾರ್ಮಿಕ ಸಂಘಗಳು ಬಹಿಷ್ಕಾರ ಘೋಷಿಸಿದವು. ಕೊರೆಯುವ ಯೋಜನೆ ನಿಂತಿತು. ತನಿಖಾ ಆಯೋಗ ಕೂತಿತು. 1975ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಸಾಗರ ಉದ್ಯಾನ ಕಾಯ್ದೆ ಬಂತು, ಗಣಿಗಾರಿಕೆಗೂ ತೈಲಕ್ಕೂ ಅಲ್ಲಿ ಬಾಗಿಲು ಮುಚ್ಚಿತು. 1971ರಲ್ಲೇ ತೀರಿಕೊಂಡ ಬ್ಯೂಸ್ಟ್ ಇದನ್ನು ನೋಡಲಿಲ್ಲ. ಜುಡಿತ್ ರೈಟ್ 1977ರಲ್ಲಿ ಈ ಹೋರಾಟದ ಇತಿಹಾಸವನ್ನು ಪುಸ್ತಕವಾಗಿ ಬರೆದರು.

ಮೀನು ಹಿಡಿಯದ ವಲಯಗಳು

ಕಾಯ್ದೆ ಬಂದು ಕಾಲು ಶತಮಾನ ಕಳೆದರೂ ಉದ್ಯಾನದಲ್ಲಿ ಮೀನುಗಾರಿಕೆ ಪೂರ್ತಿ ನಿಷಿದ್ಧವಾಗಿದ್ದ ಭಾಗ ಶೇ. 4.5 ಮಾತ್ರ. 2004ರ ಜುಲೈ 1ರಂದು ಅದು ಒಮ್ಮೆಲೇ ಶೇ. 33ಕ್ಕೇರಿತು. ವಲಯಗಳ ಈ ಮರುವಿಂಗಡಣೆಯ ಬಗ್ಗೆ ಸಾರ್ವಜನಿಕರಿಂದ ಬಂದ ಲಿಖಿತ ಅಭಿಪ್ರಾಯಗಳು 31,000ಕ್ಕೂ ಹೆಚ್ಚು. ಅವುಗಳಲ್ಲಿ ಮೀನುಗಾರರ ಸಿಟ್ಟಿನ ಪತ್ರಗಳೂ ಇದ್ದವು. ಬಂದ ಅಭಿಪ್ರಾಯಗಳನ್ನು ನೋಡಿಕೊಂಡು ಗಡಿಗಳನ್ನು ಅಲ್ಲಲ್ಲಿ ತಿದ್ದಲಾಯಿತು.

ಇದರ ಫಲ ಕೆಪೆಲ್ ದ್ವೀಪಗಳ ಬಳಿ ಸ್ಪಷ್ಟವಾಗಿ ಕಂಡಿತು. ಅಲ್ಲಿ ಮರಿಮೀನುಗಳ ವಂಶವಾಹಿ ಪರೀಕ್ಷಿಸಿ ಅವುಗಳ ತಾಯಿತಂದೆ ಎಲ್ಲಿನವರೆಂದು ಪತ್ತೆ ಹಚ್ಚಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಆ ಪ್ರದೇಶದ ದಿಬ್ಬಗಳಲ್ಲಿ ಶೇ. 28ರಷ್ಟು ಮಾತ್ರ ನಿಷಿದ್ಧ ವಲಯ. ಆದರೆ ಸುತ್ತಲಿನ 30 ಕಿಲೋಮೀಟರಿನಲ್ಲಿ ನೆಲೆಯೂರಿದ ಮರಿಗಳಲ್ಲಿ ಸುಮಾರು ಅರ್ಧ ಆ ವಲಯದಲ್ಲಿ ಹುಟ್ಟಿದವು. ಅಂದರೆ ಬಲೆ ಹಾಕದ ಜಾಗ ಬಲೆ ಹಾಕುವವರಿಗೇ ಮೀನು ಕೊಡುತ್ತಿತ್ತು. ಫಿಲಿಪ್ಪೀನ್ಸ್‌ನ ಅಪೊ ದ್ವೀಪದ ಮೀನುಗಾರರು ವಿಜ್ಞಾನಿ ಏಂಜೆಲ್ ಅಲ್ಕಾಲ ಅವರ ಒತ್ತಾಸೆಯಿಂದ 1982ರಲ್ಲೇ ತಮ್ಮ ದಿಬ್ಬದ ಒಂದು ತುಂಡನ್ನು ಹೀಗೆ ಬಿಟ್ಟುಕೊಟ್ಟು ಇದೇ ಅನುಭವ ಪಡೆದಿದ್ದರು.

ದಿಬ್ಬದ ಮೇಲೆ ಹಳೆಯ ಹಕ್ಕು ಇರುವವರು ಸುಮಾರು 70 ಮೂಲನಿವಾಸಿ ಹಾಗೂ ಟಾರಸ್ ಜಲಸಂಧಿ ದ್ವೀಪವಾಸಿ ಸಮುದಾಯಗಳು. ಈಗಿನ ದಿಬ್ಬ ರೂಪುಗೊಂಡದ್ದು ಹಿಮಯುಗ ಮುಗಿದು ಕಡಲು ಏರಿದ ಮೇಲೆ. ಆ ಏರಿಕೆಯನ್ನು ಕಂಡ ಜನರ ವಂಶಸ್ಥರು ಇವರು. 2005ರಿಂದ ಈಚೆಗೆ ಆಮೆ, ಕಡಲಹಸುಗಳ ಬೇಟೆಯ ಮಿತಿಯನ್ನು ಈ ಸಮುದಾಯಗಳು ತಾವೇ ನಿರ್ಧರಿಸಿ ಉದ್ಯಾನದ ಪ್ರಾಧಿಕಾರದೊಡನೆ ಒಪ್ಪಂದ ಮಾಡಿಕೊಳ್ಳುತ್ತಿವೆ. ದೂರದಿಂದ ದೇಣಿಗೆ ಕೊಡುವವರು ಈ ಸಮುದಾಯಗಳ ಕಾವಲು ತಂಡಗಳಿಗೆ ಕೊಟ್ಟರೆ ಹಣ ದಿಬ್ಬಕ್ಕೆ ಹತ್ತಿರವಿರುವ ಕೈಗೇ ಸೇರುತ್ತದೆ.

ಕಾವು, ಕಲ್ಲಿದ್ದಲು, ಸಾಲ

ಹಸಿರುಮನೆ ಅನಿಲಗಳು ಹಿಡಿದಿಟ್ಟ ಹೆಚ್ಚುವರಿ ಶಾಖದಲ್ಲಿ ಶೇ. 90ಕ್ಕೂ ಹೆಚ್ಚಿನದು ಸಾಗರಕ್ಕೆ ಸೇರುತ್ತದೆ. ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕಾ ಯುಗಕ್ಕೆ ಮುಂಚೆ ಇದ್ದುದಕ್ಕಿಂತ 1.5 ಡಿಗ್ರಿ ಏರಿದರೆ ಜಗತ್ತಿನ ಹವಳದ ದಿಬ್ಬಗಳಲ್ಲಿ ಶೇ. 70ರಿಂದ 90ರಷ್ಟು, 2 ಡಿಗ್ರಿ ಏರಿದರೆ ಶೇ. 99ಕ್ಕೂ ಹೆಚ್ಚು ನಾಶವಾಗುತ್ತವೆ ಎಂದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ 2018ರಲ್ಲಿ ಅಂದಾಜಿಸಿತು. 2023ರ ಜನವರಿಯಲ್ಲಿ ಶುರುವಾದ ನಾಲ್ಕನೆಯ ಜಾಗತಿಕ ಬಿಳಿಚುವಿಕೆಯಲ್ಲಿ, 2025ರ ಏಪ್ರಿಲ್ ಹೊತ್ತಿಗೆ, ಜಗತ್ತಿನ ದಿಬ್ಬಪ್ರದೇಶದ ಸುಮಾರು ಶೇ. 84 ಭಾಗ ಬಿಳಿಚುವಷ್ಟು ಕಾವಿಗೆ ಸಿಕ್ಕಿತ್ತು. ಈ ಅಂಕಿಗಳ ಎದುರು ಸ್ಥಳೀಯ ರಕ್ಷಣೆ ಎಷ್ಟೇ ಚೊಕ್ಕವಾಗಿದ್ದರೂ ಸಾಲದು. 2016ರಲ್ಲಿ ಅತಿ ಹೆಚ್ಚು ಹವಳ ಸತ್ತದ್ದು ಊರುಗಳಿಂದ ದೂರವಾದ, ನೀರು ತಿಳಿಯಾಗಿದ್ದ ಉತ್ತರದ ಭಾಗದಲ್ಲೇ.

ಆದ್ದರಿಂದ ಜಗತ್ತಿನ ಯಾವುದೇ ಮೂಲೆಯ ಮನುಷ್ಯ ದಿಬ್ಬಕ್ಕೆ ಮಾಡಬಹುದಾದ ಮೊದಲ ಉಪಕಾರ ಕಲ್ಲಿದ್ದಲು, ತೈಲ, ಅನಿಲಗಳ ಬಳಕೆ ಬೇಗ ಇಳಿಯುವಂತೆ ಮಾಡುವುದು. ಮನೆಯ ಚಾವಣಿಯ ಸೌರಫಲಕ, ಬಸ್ಸು, ರೈಲು, ಕಡಿಮೆ ವಿಮಾನಯಾನ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಅದಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದು ವಿದ್ಯುತ್ತು ಯಾವುದರಿಂದ ತಯಾರಾಗಬೇಕು ಎಂಬ ಸಾರ್ವಜನಿಕ ತೀರ್ಮಾನ. ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನವನ್ನು ಹವಳದ ಹೆಸರಿನಲ್ಲಿ ಯಾರೂ ಕಟ್ಟಲಿಲ್ಲ, ಆದರೆ ಹವಳಕ್ಕೆ ಅದರಿಂದ ಆದ ಉಪಕಾರ ನಿಜ. ರಾಯಚೂರಿನ ಚಿಮಣಿಯ ಹೊಗೆಗೂ ಕ್ವೀನ್ಸ್‌ಲ್ಯಾಂಡ್‌ನ ಚಿಮಣಿಯ ಹೊಗೆಗೂ ಕಡಲು ಭೇದ ಮಾಡುವುದಿಲ್ಲ.

ಭಾರತಕ್ಕೂ ಈ ದಿಬ್ಬಕ್ಕೂ ನೇರ ನಂಟು ಬೆಸೆದದ್ದು ಕಲ್ಲಿದ್ದಲು. ಕ್ವೀನ್ಸ್‌ಲ್ಯಾಂಡ್‌ನ ಗೆಲಿಲಿ ಕಲ್ಲಿದ್ದಲು ಪ್ರದೇಶದಲ್ಲಿ ಅದಾನಿ ಸಮೂಹ ಕೈಗೆತ್ತಿಕೊಂಡ ಕಾರ್ಮೈಕೆಲ್ ಗಣಿಯ ಕಲ್ಲಿದ್ದಲು ದಿಬ್ಬದ ಪಕ್ಕದ ಆಬಟ್ ಪಾಯಿಂಟ್ ಬಂದರಿನಿಂದ ಹಡಗೇರುತ್ತದೆ. ಈ ಯೋಜನೆಯ ವಿರುದ್ಧ ವರ್ಷಗಟ್ಟಲೆ ಚಳವಳಿ ನಡೆಯಿತು. ಚಳವಳಿಯವರು ಗಣಿಯ ಬಾಗಿಲಿನಷ್ಟೇ ಬ್ಯಾಂಕುಗಳ ಬಾಗಿಲಿಗೂ ಹೋದರು. ಠೇವಣಿ ಇಟ್ಟವರು, ಷೇರುದಾರರು ಕೇಳಿದ ಪ್ರಶ್ನೆಗಳಿಂದಾಗಿ ಹಲವು ಅಂತರರಾಷ್ಟ್ರೀಯ ಬ್ಯಾಂಕುಗಳು ಸಾಲ ಕೊಡುವುದಿಲ್ಲ ಎಂದು ಹೇಳಿದವು. ಕೊನೆಗೆ 2018ರಲ್ಲಿ ಕಂಪನಿ ಯೋಜನೆಯನ್ನು ಬಹಳ ಕುಗ್ಗಿಸಿ ತನ್ನದೇ ಹಣದಲ್ಲಿ ನಡೆಸುವುದಾಗಿ ಪ್ರಕಟಿಸಿತು. 2021ರ ಕೊನೆಯಲ್ಲಿ ಕಲ್ಲಿದ್ದಲು ರಫ್ತು ಶುರುವಾಯಿತು. ಚಳವಳಿಗೆ ಗಣಿಯನ್ನು ತಡೆಯಲಾಗಲಿಲ್ಲ, ಅದರ ಗಾತ್ರ ಇಳಿಯಿತು. ತಮ್ಮ ಉಳಿತಾಯದ ಹಣ ಯಾವ ಕೆಲಸಕ್ಕೆ ಸಾಲವಾಗಿ ಹೋಗುತ್ತಿದೆ ಎಂದು ಬ್ಯಾಂಕನ್ನು, ಪಿಂಚಣಿ ನಿಧಿಯನ್ನು ಲಿಖಿತವಾಗಿ ಕೇಳುವುದು ದೂರದ ಊರಿನಲ್ಲಿ ಕೂತೇ ಮಾಡಬಹುದಾದ ಕೆಲಸ.

ಇನ್ನೊಂದು ಪ್ರಸಂಗದಲ್ಲಿ ಫಲ ಪೂರ್ತಿ ಸಿಕ್ಕಿತು. ದಿಬ್ಬದಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ತೆರೆದ ಕಲ್ಲಿದ್ದಲು ಗಣಿಯೊಂದರ ಪ್ರಸ್ತಾವವಿತ್ತು. ಆಸ್ಟ್ರೇಲಿಯದ ಅಂದಿನ ಪರಿಸರ ಸಚಿವೆ ತಾನ್ಯಾ ಪ್ಲಿಬರ್ಸೆಕ್ ಕರಡು ನಿರ್ಧಾರದ ಬಗ್ಗೆ ಅಭಿಪ್ರಾಯ ಕೇಳಿದಾಗ ಹತ್ತೇ ದಿನಗಳಲ್ಲಿ 9,000ಕ್ಕೂ ಹೆಚ್ಚು ಪತ್ರಗಳು ಬಂದವು. 2023ರ ಫೆಬ್ರವರಿಯಲ್ಲಿ ಅನುಮತಿ ನಿರಾಕರಣೆಯಾಯಿತು. ಆ ದೇಶದ ರಾಷ್ಟ್ರೀಯ ಪರಿಸರ ಕಾನೂನಿನಡಿ ಕಲ್ಲಿದ್ದಲು ಗಣಿಯೊಂದಕ್ಕೆ ಸಚಿವರು ಇಲ್ಲವೆಂದದ್ದು ಅದೇ ಮೊದಲು.

ಯುನೆಸ್ಕೊದ ವಿಶ್ವ ಪರಂಪರೆ ಸಮಿತಿ ಇನ್ನೊಂದು ಕಟಕಟೆ. ಅದರ 21 ಸದಸ್ಯ ರಾಷ್ಟ್ರಗಳು ಗ್ರೇಟ್ ಬ್ಯಾರಿಯರ್ ರೀಫ್ ಅನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಬೇಕೇ ಎಂದು ಹಲವು ಬಾರಿ ವಿಚಾರ ಮಾಡಿವೆ. ಆ ಒತ್ತಡದಲ್ಲೇ 2015ರಲ್ಲಿ ಬಂದರುಗಳಿಗಾಗಿ ಹೊಸದಾಗಿ ತೋಡಿದ ಹೂಳನ್ನು ಉದ್ಯಾನದಲ್ಲಿ ಸುರಿಯುವುದು ನಿಷೇಧವಾಯಿತು, 2050ರವರೆಗಿನ ಸಂರಕ್ಷಣಾ ಯೋಜನೆ ಸಿದ್ಧವಾಯಿತು. 2024ರ ಜುಲೈನಲ್ಲಿ ಸಮಿತಿ ಸೇರಿದ್ದು ನವದೆಹಲಿಯಲ್ಲಿ. ದಿಬ್ಬದ ಸ್ಥಿತಿಯ ಬಗೆಗಿನ ನಿರ್ಣಯ ಅಲ್ಲೂ ಅಂಗೀಕಾರವಾಯಿತು. ಸದಸ್ಯ ರಾಷ್ಟ್ರದ ಪ್ರಜೆಗಳು ತಮ್ಮ ಸರ್ಕಾರದ ನಿಲುವೇನು ಎಂದು ಕೇಳಬಹುದು.

ನದಿಗಳು ತರುವ ಮಣ್ಣು

ದನ ಮೇಯ್ದು ಬೋಳಾದ ಇಳಿಜಾರುಗಳಿಂದ ಮಳೆಗಾಲದಲ್ಲಿ ಕೊಚ್ಚಿಬರುವ ನುಣ್ಣನೆಯ ಮಣ್ಣು, ಕಬ್ಬಿನ ಗದ್ದೆಗಳಿಂದ ಬಸಿದುಬರುವ ಸಾರಜನಕ ಗೊಬ್ಬರ, ಕಳೆನಾಶಕ ಇವು ನದಿಗಳ ಮೂಲಕ ದಿಬ್ಬಕ್ಕೆ ಸೇರುತ್ತವೆ. ಮಣ್ಣು ಬಿಸಿಲನ್ನು ತಡೆಯುತ್ತದೆ. ಗೊಬ್ಬರದಂಶ ನೀರಿನ ಸೂಕ್ಷ್ಮ ಸಸ್ಯಗಳನ್ನು ಹೆಚ್ಚಿಸುತ್ತದೆ, ಅವನ್ನು ತಿನ್ನುವ ಮುಳ್ಳುಕಿರೀಟದ ನಕ್ಷತ್ರಮೀನಿನ ಮರಿಗಳು ಹೆಚ್ಚು ಬದುಕುತ್ತವೆ ಎಂಬುದು ಬಹಳ ವಿಜ್ಞಾನಿಗಳ ಅಭಿಪ್ರಾಯ. ಗೊಬ್ಬರವನ್ನು ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕುವುದು, ಕೊರಕಲುಗಳಿಗೆ ಬದು ಕಟ್ಟುವುದು, ನದಿದಂಡೆಯ ಮರಗಳನ್ನು ಉಳಿಸುವುದು ರೈತರ ಪಾಲಿನ ಕೆಲಸ. ಆಸ್ಟ್ರೇಲಿಯದ ಸಕ್ಕರೆಯ ಬಹುಪಾಲು ಕ್ವೀನ್ಸ್‌ಲ್ಯಾಂಡ್‌ನದು, ಅದರಲ್ಲಿ ಹೆಚ್ಚಿನದು ಕಚ್ಚಾ ಸಕ್ಕರೆಯಾಗಿ ದಕ್ಷಿಣ ಕೊರಿಯ, ಜಪಾನ್, ಇಂಡೊನೇಷ್ಯಗಳಿಗೆ ಹೋಗುತ್ತದೆ. ಅಲ್ಲಿನ ಸಗಟು ಕೊಳ್ಳುವವರು ಶುದ್ಧ ಕೃಷಿಯ ಪ್ರಮಾಣಪತ್ರ ಕೇಳಿದರೆ ಗದ್ದೆಯ ರೂಢಿ ಬೇಗ ಬದಲಾಗುತ್ತದೆ.

ಕಣ್ಣುಗಳ ಕೊರತೆ

3,000 ದಿಬ್ಬಗಳನ್ನು ಪ್ರತಿವರ್ಷ ಪರೀಕ್ಷಿಸಲು ಯಾವ ಸಂಸ್ಥೆಯ ಬಳಿಯೂ ಅಷ್ಟು ಹಡಗು, ಅಷ್ಟು ಜನ ಇಲ್ಲ. ಈ ಕೊರತೆಯನ್ನು ಹವ್ಯಾಸಿಗಳು ತುಂಬುತ್ತಿದ್ದಾರೆ.

ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2002ರಲ್ಲಿ ಶುರುಮಾಡಿದ ಕೋರಲ್‌ವಾಚ್ ಯೋಜನೆಯ ಉಪಕರಣ ಒಂದು ಪ್ಲಾಸ್ಟಿಕ್ ಕಾರ್ಡು, ಅಷ್ಟೇ. ಚೌಕಾಕಾರದ ಆ ಕಾರ್ಡಿನ ನಾಲ್ಕು ಅಂಚುಗಳಲ್ಲಿ ನಾಲ್ಕು ಬಣ್ಣಗಳ ಸಾಲು. ಒಂದೊಂದು ಸಾಲೂ ಬಿಳಿಗೆ ಹತ್ತಿರದ 1ರಿಂದ ಗಾಢವಾದ 6ರವರೆಗೆ ಏರುತ್ತದೆ. ನೀರಿಗಿಳಿದವರು ಕಾರ್ಡನ್ನು ಹವಳಕ್ಕೆ ತಾಗಿಸದೆ ಪಕ್ಕದಲ್ಲಿ ಹಿಡಿಯಬೇಕು. ಹವಳದ ಅತಿ ತೆಳುಬಣ್ಣದ ಭಾಗ ಯಾವ ಚೌಕಕ್ಕೆ ಹೊಂದುತ್ತದೆ, ಅತಿ ಗಾಢವಾದ ಭಾಗ ಯಾವುದಕ್ಕೆ ಹೊಂದುತ್ತದೆ ಎಂದು ನೋಡಿ ಆ ಸಾಲಿನ ಅಕ್ಷರ ಮತ್ತು ಚೌಕದ ಅಂಕಿಯನ್ನು ಬರೆದುಕೊಳ್ಳಬೇಕು. ಹವಳ ಕವಲಿನಂಥದೋ, ಗುಂಡಿನಂಥದೋ, ತಟ್ಟೆಯಂಥದೋ, ಮೆತ್ತನೆಯದೋ ಎಂಬುದನ್ನೂ ಗುರುತಿಸಬೇಕು. ಒಂದೇ ಜಾಗದಲ್ಲಿ ತಿಂಗಳ ಮೇಲೆ ತಿಂಗಳು ಹೀಗೆ ಬರೆದ ಅಂಕಿಗಳು 5ರಿಂದ 3ಕ್ಕೆ, 3ರಿಂದ 1ಕ್ಕೆ ಇಳಿಯತೊಡಗಿದರೆ ಅಲ್ಲಿ ಬಿಳಿಚುವಿಕೆ ಶುರುವಾಗಿದೆ ಎಂದರ್ಥ. ಮೀಟರು, ತಂತಿ, ಪ್ರಯೋಗಾಲಯ ಯಾವುದೂ ಬೇಡದ ಈ ಕಾರ್ಡು ಈಗ ಹಲವಾರು ದೇಶಗಳಲ್ಲಿ ಬಳಕೆಯಲ್ಲಿದೆ.

ನೀರಿಗಿಳಿಯಲಾರದವರಿಗೂ ಕೆಲಸವಿದೆ. 2020ರಲ್ಲಿ ಮೊದಲಾದ ಗ್ರೇಟ್ ರೀಫ್ ಸೆನ್ಸಸ್‌ನಲ್ಲಿ ಪ್ರವಾಸಿ ದೋಣಿ, ಮೀನುಗಾರಿಕೆ ದೋಣಿ, ವಿಹಾರ ನೌಕೆಗಳವರು ತಾವು ಹೋದಲ್ಲೆಲ್ಲ ದಿಬ್ಬದ ಫೋಟೊ ತೆಗೆದು ಕಳಿಸುತ್ತಾರೆ. ಆ ಫೋಟೊಗಳಲ್ಲಿ ಹವಳದ ಅಂಚು ಗೆರೆ ಎಳೆದು ಬಗೆ ಗುರುತಿಸುವವರು ಜಗತ್ತಿನಾದ್ಯಂತ ಮನೆಯಲ್ಲಿ, ಶಾಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತ ಜನ. ಹೊಸ ಹವಳದ ಮರಿಗಳನ್ನು ಸುತ್ತಲಿನ ದಿಬ್ಬಗಳಿಗೆ ಕಳಿಸಬಲ್ಲ ಮೂಲ ದಿಬ್ಬಗಳು ಯಾವುವು, ಅವುಗಳಲ್ಲಿ ಯಾವುದು ಗಟ್ಟಿಯಾಗಿದೆ ಎಂದು ತಿಳಿಯಲು ಈ ಗಣತಿ ನೆರವಾಗುತ್ತದೆ. ಇಂಥ ಕೆಲಸಕ್ಕೆ ಅರ್ಧ ಗಂಟೆ ಕೊಡುವ ಹೈಸ್ಕೂಲು ವಿದ್ಯಾರ್ಥಿ ಹವಳದ ಬಗ್ಗೆ ಕಲಿಯುವುದು ಪಾಠದ ಪುಟದಿಂದ ಕಲಿಯುವುದಕ್ಕಿಂತ ಹೆಚ್ಚು.

ಭೇಟಿ ಕೊಡುವವರು

ದಿಬ್ಬ ನೋಡಲು ಹೋಗುವುದು ತಪ್ಪಲ್ಲ. ಪ್ರವಾಸಿಯೊಬ್ಬ ದಿನಕ್ಕಿಷ್ಟು ಎಂದು ತೆರುವ ಪರಿಸರ ನಿರ್ವಹಣಾ ಶುಲ್ಕ ನೇರವಾಗಿ ಉದ್ಯಾನದ ಪಾಲನೆಗೆ ಹೋಗುತ್ತದೆ. ದಿಬ್ಬವನ್ನು ನಂಬಿ ಸುಮಾರು 64,000 ಉದ್ಯೋಗಗಳಿವೆ ಎಂದು 2017ರ ಅಂದಾಜೊಂದು ಹೇಳಿತ್ತು. ಗಣಿಯ ಪರ ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಹೋದವರು ಪರಿಸರ ಪ್ರಮಾಣಪತ್ರ ಇರುವ ದೋಣಿಯವರನ್ನು ಆರಿಸಿಕೊಳ್ಳಬೇಕು. ಹವಳದ ಮೇಲೆ ಲಂಗರು ಎಸೆಯದೆ ಮೊದಲೇ ನೆಟ್ಟ ತೇಲುಗುಂಡಿಗೆ ದೋಣಿ ಕಟ್ಟುವವರು ಅವರು. ನೀರಿನಲ್ಲಿ ಕಾಲಿನ ರೆಕ್ಕೆ ಹವಳಕ್ಕೆ ಬಡಿಯದಂತೆ, ಕೈ ಯಾವುದಕ್ಕೂ ತಾಗದಂತೆ ಈಜಬೇಕು. ತುಂಡಾದ ಹವಳವನ್ನೂ ಮನೆಗೆ ತರಬಾರದು.

ಸನ್‌ಸ್ಕ್ರೀನ್ ವಿಷಯ ಬಹಳ ಸದ್ದು ಮಾಡಿದೆ. ಪಲಾವ್ ದ್ವೀಪರಾಷ್ಟ್ರ 2020ರಿಂದ, ಹವಾಯಿ 2021ರಿಂದ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್‌ಗಳಿರುವ ಲೇಪಗಳನ್ನು ನಿಷೇಧಿಸಿವೆ. ಪ್ರಯೋಗಾಲಯದಲ್ಲಿ ಈ ರಾಸಾಯನಿಕಗಳು ಹವಳದ ಮರಿಗಳಿಗೆ ಹಾನಿ ಮಾಡಿದ್ದು ನಿಜ. ತೆರೆದ ಕಡಲಿನಲ್ಲಿ ಅವುಗಳ ಪ್ರಮಾಣ ಎಷ್ಟು ಹಾನಿಕರ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ತೋಳುದ್ದದ ಈಜುಡುಪು ತೊಟ್ಟರೆ ಲೇಪದ ಅಗತ್ಯವೇ ಕಡಿಮೆ, ಅದನ್ನು ಮಾಡುವುದು ಒಳ್ಳೆಯದು. ಆದರೆ ಹತ್ತು ಸಾವಿರ ಕಿಲೋಮೀಟರ್ ಹಾರಿ ಬಂದು ಲೇಪ ಬದಲಿಸಿದ್ದಷ್ಟಕ್ಕೇ ತನ್ನ ಪಾಲು ಸಂದಿತೆಂದು ತಿಳಿಯುವುದು ಸರಿಯಲ್ಲ.

ನಕ್ಷತ್ರಮೀನು ಮತ್ತು ಮರುನಾಟಿ

ಮುಳ್ಳುಕಿರೀಟದ ನಕ್ಷತ್ರಮೀನು ವರ್ಷಕ್ಕೆ ಹತ್ತು ಚದರ ಮೀಟರ್‌ವರೆಗೂ ಹವಳ ತಿನ್ನಬಲ್ಲದು. ಅದನ್ನು ಹತೋಟಿಯಲ್ಲಿಡಲು ಮುಳುಗುಗಾರರು ಮೊದಲು ಒಂದೊಂದಕ್ಕೂ ಹಲವು ಬಾರಿ ಚುಚ್ಚುಮದ್ದು ಕೊಟ್ಟು ಕೊಲ್ಲಬೇಕಿತ್ತು. ದನದ ಪಿತ್ತರಸದ ಒಂದೇ ಚುಚ್ಚು ಸಾಕೆಂದು ಗೊತ್ತಾದ ಮೇಲೆ, ಮುಂದೆ ಅಡುಗೆಮನೆಯ ವಿನೆಗರ್ ಕೂಡ ಅದೇ ಕೆಲಸ ಮಾಡುತ್ತದೆಂದು ತಿಳಿದ ಮೇಲೆ ಮುಳುಗುಗಾರರ ಕೆಲಸ ಹಗುರವಾಯಿತು. ಸದ್ಯಕ್ಕೆ ದಿಬ್ಬದ ಮೇಲೆ ನಡೆಯುವ ಕೆಲಸಗಳಲ್ಲಿ ವಿಶಾಲ ಪ್ರದೇಶದಲ್ಲಿ ಫಲ ಕಂಡಿರುವುದು ಇದೇ.

ಹವಳ ನೆಡುವ ಕೆಲಸ ಇದಕ್ಕಿಂತ ಹೆಚ್ಚು ಜನಪ್ರಿಯ. ಹವಳಗಳು ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವು ರಾತ್ರಿ ಒಟ್ಟಿಗೇ ಮೊಟ್ಟೆ, ವೀರ್ಯಗಳನ್ನು ನೀರಿಗೆ ಬಿಡುತ್ತವೆ. ಇದನ್ನು 1980ರ ದಶಕದ ಮೊದಲಲ್ಲಿ ಕಂಡುಹಿಡಿದ ತರುಣ ಸಂಶೋಧಕರಲ್ಲಿ ಒಬ್ಬರಾದ ಪೀಟರ್ ಹ್ಯಾರಿಸನ್, ಮುಂದೆ ಆ ಮೊಟ್ಟೆಗಳನ್ನು ಒಟ್ಟುಮಾಡಿ ಮರಿ ಬೆಳೆಸಿ ಹಾಳಾದ ದಿಬ್ಬಗಳ ಮೇಲೆ ಬಿಡುವ ವಿಧಾನ ರೂಪಿಸಿದರು. ಇಂಡೊನೇಷ್ಯದಲ್ಲಿ ಷಟ್ಕೋನದ ಕಬ್ಬಿಣದ ಚೌಕಟ್ಟುಗಳಿಗೆ ಹವಳದ ತುಂಡು ಕಟ್ಟಿ, ಡೈನಮೈಟ್ ಮೀನುಗಾರಿಕೆಯಿಂದ ಪುಡಿಯಾದ ಜಾಗಗಳಲ್ಲಿ ಇಳಿಸಿ ಒಳ್ಳೆಯ ಫಲ ಪಡೆದಿದ್ದಾರೆ. ಒಡೆದದ್ದು ಮನುಷ್ಯನ ಕೈಯಿಂದಾಗಿ, ಆ ಕೈ ನಿಂತಿದ್ದರೆ ಈ ವಿಧಾನ ಸರಿ. ಕಾವಿನಿಂದ ಸತ್ತ ಜಾಗದಲ್ಲಿ ನೆಟ್ಟ ಹವಳ ಮುಂದಿನ ಕಾವಿಗೆ ಮತ್ತೆ ಸಾಯಬಹುದು. ಒಂದು ಹವಳ ದತ್ತು ಪಡೆಯಿರಿ ಎಂಬ ಜಾಹೀರಾತಿಗೆ ಹಣ ಕಳಿಸುವ ಮುಂಚೆ, ನೆಟ್ಟವುಗಳಲ್ಲಿ ಮೂರು ವರ್ಷದ ಮೇಲೆ ಎಷ್ಟು ಉಳಿದಿವೆ ಎಂದು ಕೇಳಬೇಕು.

ಭಾರತದ ದಿಬ್ಬಗಳು

ಎಲ್ಲಿಸನ್‌ನಲ್ಲಿ ತಪ್ಪಿದ್ದು ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ನಡೆದುಹೋಯಿತು. ಸುಣ್ಣಕ್ಕಾಗಿ ದಶಕಗಟ್ಟಲೆ ಹವಳ ಅಗೆದ ಪರಿಣಾಮವಾಗಿ ಅಲ್ಲಿನ 21 ದ್ವೀಪಗಳಲ್ಲಿ ಎರಡು ನೀರಿನಲ್ಲಿ ಮುಳುಗಿದವು. 2001ರಲ್ಲಿ ಹವಳವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದ ಮೇಲೆ ಆ ಗಣಿಗಾರಿಕೆ ಕ್ರಮೇಣ ನಿಂತಿತು. ಈಗ ದಿಬ್ಬದ ಹವಳವನ್ನು ಕೀಳುವುದು, ಮಾರುವುದು, ಮನೆಯ ಅಕ್ವೇರಿಯಮ್ಮಿಗೆ ಕೊಳ್ಳುವುದು ಮೂರೂ ಅಪರಾಧ. ಆಭರಣಕ್ಕೆ ಪೋಣಿಸುವ ಕೆಂಪು ಹವಳ ಮೆಡಿಟರೇನಿಯನ್ ಕಡಲಿನ ಬೇರೆ ಗುಂಪಿನ ಜೀವಿ. ಅದು ದಿಬ್ಬ ಕಟ್ಟುವುದಿಲ್ಲ, ಆದರೆ ಅದನ್ನೂ ಅತಿಯಾಗಿ ಕಿತ್ತು ಅಪರೂಪ ಮಾಡಲಾಗಿದೆ.

ಲಕ್ಷದ್ವೀಪದ ದಿಬ್ಬಗಳನ್ನು 1998ರ ಬಿಳಿಚುವಿಕೆಯಿಂದ ಇಂದಿನವರೆಗೆ ಬಿಡದೆ ಅಭ್ಯಾಸ ಮಾಡುತ್ತಿರುವುದು ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್. ಎರಡೂವರೆ ದಶಕದಲ್ಲಿ ಅಲ್ಲಿನ ಜೀವಂತ ಹವಳದ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿದೆ ಎಂದು ಅವರ ದಾಖಲೆ ತೋರಿಸಿದೆ. ಗಾಳದ ಕೋಲಿನಿಂದ ಒಂದೊಂದಾಗಿ ಟ್ಯೂನ ಹಿಡಿಯುವ ದ್ವೀಪದವರ ಪದ್ಧತಿಯಿಂದಾಗಿ ದಿಬ್ಬದ ಮೀನುಗಳು ಬಹುಕಾಲ ಉಳಿದಿದ್ದವು. ಹವಳವನ್ನು ಮುಚ್ಚುವ ಪಾಚಿಯನ್ನು ಮೇಯುವ ಗಿಳಿಮೀನಿನಂಥವು ಅವು. ಈಗ ಅವಕ್ಕೂ ಹೊರಗಿನ ಬೇಡಿಕೆ ಬರುತ್ತಿದೆ. ಲಕ್ಷದ್ವೀಪಕ್ಕೆ ಸಿಮೆಂಟು, ತರಕಾರಿ ಹೊತ್ತ ಮಂಜಿಗಳು ಹೊರಡುವುದು ಮಂಗಳೂರಿನ ಹಳೆ ಬಂದರಿನಿಂದ. ಆ ದ್ವೀಪಗಳ ಮೀನು ಕರಾವಳಿಯ ಪೇಟೆಗೂ ಹೊಸದಲ್ಲ. ಕೊಳ್ಳುವವರು ಟ್ಯೂನ ಕೊಳ್ಳಲಿ, ದಿಬ್ಬದ ಮೀನನ್ನು ಬಿಡಲಿ.

ಕರ್ನಾಟಕಕ್ಕೆ ಹವಳವೆಂದರೆ ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ಆಚೆಯ ನೇತ್ರಾಣಿ. ದ್ವೀಪದ ಕಡಿದಾದ ಬಂಡೆಗಳ ಬುಡದಲ್ಲಿ ಹವಳ ಬೆಳೆದಿದೆ. ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಮಳೆಗಾಲ ಕಳೆದ ಮೇಲೆ ಬೇಸಿಗೆಯವರೆಗೂ ಮುರುಡೇಶ್ವರದಿಂದ ಸ್ಕೂಬಾ ದೋಣಿಗಳು ಅಲ್ಲಿಗೆ ಹೋಗುತ್ತವೆ. ಅಲ್ಲಿ ಮುಳುಗುವವರು ಬಂಡೆಗೆ ಸಿಕ್ಕಿಕೊಂಡ ಹಳೆಯ ಬಲೆ, ಹವಳದ ಮೇಲೆ ಬಿದ್ದ ಲಂಗರು, ಬಿಳಿಚಿದ ಕೊಂಬೆ ಕಂಡರೆ ಜಾಗ, ದಿನಾಂಕ, ನೀರಿನ ಆಳ ಬರೆದು ಫೋಟೊದೊಡನೆ ಅರಣ್ಯ ಇಲಾಖೆಗೆ ಕೊಡಬಹುದು. ಹವಳ ವನ್ಯಜೀವಿ ಕಾಯ್ದೆಯಡಿ ಬರುವುದರಿಂದ ಅಂಥ ದೂರಿನ ಮೇಲೆ ಕ್ರಮ ಕೈಗೊಳ್ಳುವುದು ಇಲಾಖೆಯ ಹೊಣೆ.